ಎಣ್ಣೆಬಣ್ಣದಲ್ಲಿ ಬರೆದ ‘ಇಂದಿನ’ ನೀರು

(ಸಾರ್ವಜನಿಕ ಈಜುಕೊಳಗಳ ಮುಖ್ಯ ನಿರ್ವಹಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ)

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ಷಮೆ ಕೇಳುವುದಿಲ್ಲ. ತಮ್ಮ ಕಚೇರಿಯಿಂದ ಕಳೆದ ವಾರ ಬಂದ ನೋಟಿಸಿನಲ್ಲಿ ನನ್ನ ಮೇಲೆ ಎರಡು ಆರೋಪಗಳಿವೆ. ಈಜುಕೊಳದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಸಾರ್ವಜನಿಕ ಆಸ್ತಿಯನ್ನು ವಿರೂಪಗೊಳಿಸಿದ್ದೇನಂತೆ, ಜನರಲ್ಲಿ ಅನಗತ್ಯ ಭೀತಿ ಹುಟ್ಟಿಸಿದ್ದೇನಂತೆ. ಲಿಖಿತ ಕ್ಷಮಾಪಣೆ ಸಲ್ಲಿಸದಿದ್ದರೆ ನನ್ನ ಸದಸ್ಯತ್ವ ಕಾಯಂ ಆಗಿ ರದ್ದಾಗುವುದೆಂದೂ ತಿಳಿಸಿದ್ದೀರಿ. ಗೋಡೆಯ ಮೇಲೆ ಬರೆದವಳು ನಾನೇ. ಅಕ್ಷರ ನನ್ನದು, ಕೆಳಗಿನ ಸಹಿಯೂ ನನ್ನದು. ಆದರೆ ಅದೇ ಗೋಡೆಯಲ್ಲಿ, ನನ್ನ ಅಕ್ಷರಗಳಿಗಿಂತ ಒಂದು ಗೇಣು ಮೇಲೆ, ‘ಇಂದಿನ ನೀರಿನ ಗುಣಮಟ್ಟ’ ಎಂಬ ತಲೆಬರಹದ ಕೆಳಗೆ ‘ಉತ್ತಮ’ ಎಂದು ಎಣ್ಣೆಬಣ್ಣದಲ್ಲಿ ಬರೆಸಿದವರು ಯಾರು? ಎಣ್ಣೆಬಣ್ಣದಲ್ಲಿ, ಮಾನ್ಯರೇ! ಇಂದಿನ ನೀರು ನಾಳೆಗೂ, ನಾಡಿದ್ದಿಗೂ, ಬರುವ ವರ್ಷದ ಬೇಸಿಗೆಗೂ ಉತ್ತಮವಾಗಿಯೇ ಇರುತ್ತದೆಂದು ಇವತ್ತೇ ಹೇಳಬಲ್ಲ ಅಧಿಕಾರಿಯನ್ನು ಪಡೆದ ನಾವೇ ಪುಣ್ಯವಂತರು.

ನಾವೆಲ್ಲ ಬೋರ್ಡು ಎನ್ನುವ ಆ ಗೋಡೆಬರಹವನ್ನು ತಾವು ಕಣ್ಣಾರೆ ನೋಡಿರುವ ಸಾಧ್ಯತೆ ಕಡಿಮೆಯಾದ್ದರಿಂದ ಅದರ ವಿವರ ಕೊಡುತ್ತೇನೆ. ಟಿಕೆಟ್ ಕಿಟಕಿ ದಾಟಿ, ಬಟ್ಟೆ ಬದಲಿಸುವ ಕೋಣೆಗಳ ಎದುರಿಗಿರುವ ನೀಲಿ ಗೋಡೆಯ ಮೇಲೆ ಅದಿದೆ. ನೀರಿನ ಸ್ಪಷ್ಟತೆ: ಉತ್ತಮ. ಕ್ಲೋರಿನ್: ಸರಿಯಾದ ಪ್ರಮಾಣ. ಆಮ್ಲೀಯತೆ: ಸರಿಯಾದ ಪ್ರಮಾಣ. ಕರ್ತವ್ಯದಲ್ಲಿರುವ ಜೀವರಕ್ಷಕರು: ಮೂವರು. ಆಮ್ಲಜನಕದ ಸಿಲಿಂಡರು: ಸಿದ್ಧ. ಇಷ್ಟೂ ಬಿಳಿಯ ಎಣ್ಣೆಬಣ್ಣದಲ್ಲಿ, ನುರಿತ ಕೈಯ ಅಂದವಾದ ಅಕ್ಷರಗಳಲ್ಲಿದೆ. ದಿನವೂ ಬದಲಾಗುವುದು ದಿನಾಂಕ ಒಂದೇ. ಅದಕ್ಕೆ ಮಾತ್ರ ಸೀಮೆಸುಣ್ಣ. ಕಳೆದ ವರ್ಷ ತಳಕ್ಕೆ ಟೈಲ್ಸ್ ಕೂರಿಸಲೆಂದು ಕೊಳವನ್ನು ಪೂರ್ತಿ ಬತ್ತಿಸಿದ್ದರು. ತಳದಲ್ಲಿ ಕೆಲಸಗಾರರು ಗಾರೆ ಕಲಸುತ್ತಿದ್ದಾಗಲೂ ಯಾರೋ ಕರ್ತವ್ಯನಿಷ್ಠರು ದಿನಾಂಕ ಬದಲಿಸುತ್ತಲೇ ಇದ್ದರು. ಕೊಳದಲ್ಲಿ ನೀರೇ ಇಲ್ಲದ ದಿನಗಳಲ್ಲೂ ನಮ್ಮ ನೀರು ಉತ್ತಮವಾಗಿತ್ತು. ಅಂದು ನಾವೆಲ್ಲ ಅದನ್ನು ನೋಡಿ ನಕ್ಕೆವು. ಈಗ ನಗು ಬರುತ್ತಿಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ನಾನು ಸರ್ಕಾರಿ ಕಚೇರಿಯೊಂದರ ಎದುರು, ಮೆಟ್ಟಿಲ ಕೆಳಗಿನ ಪುಟ್ಟ ಜಾಗದಲ್ಲಿ ಟೈಪ್ ಯಂತ್ರ ಇಟ್ಟುಕೊಂಡು ಬೇರೆಯವರ ಅರ್ಜಿ ಬರೆದುಕೊಡುವವಳು. ಗಡಿ ಒತ್ತುವರಿ, ವರ್ಗಾವಣೆ, ಹೆಸರಿನ ತಿದ್ದುಪಡಿ, ಸತ್ತವರ ಪಿಂಚಣಿ, ಬದುಕಿರುವವರು ಬದುಕಿದ್ದಾರೆಂಬ ಪ್ರಮಾಣಪತ್ರ ಎಲ್ಲಕ್ಕೂ ನನ್ನ ಬಳಿ ಭಾಷೆ ಇದೆ. ಸ್ವಂತಕ್ಕೆ ಬರೆಯುತ್ತಿರುವುದು ಇದೇ ಮೊದಲು. ಹಾಗಾಗಿ ಅಲ್ಲಲ್ಲಿ ವಿನಯ ಕಡಿಮೆಯಾದರೆ ಅದು ಅಭ್ಯಾಸದ ಕೊರತೆಯೆಂದು ತಿಳಿಯಬೇಡಿ. ಉದ್ದೇಶಪೂರ್ವಕವಾಗಿಯೇ ಕಡಿಮೆ ಮಾಡಿದ್ದೇನೆ.

ನನಗೂ ಈಜಿಗೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ಕಲ್ಪಿಸಿದವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಅವರು ಬಸ್ ಕಂಡಕ್ಟರು. ಜೀವಮಾನವಿಡೀ ನಿಂತೇ ಪ್ರಯಾಣ ಮಾಡಿ ಅವರ ಸೊಂಟ ಮುಷ್ಕರ ಹೂಡಿತ್ತು. ನೀರಿನಲ್ಲಿ ನಡೆದಾಡಿ, ಈಜಿ ಎಂದು ವೈದ್ಯರು ಹೇಳಿದರು. ಭಾವ ಒಬ್ಬರೇ ಹೋಗಲು ಒಲ್ಲರು. ಅಕ್ಕನಿಗೆ ನೀರೆಂದರೆ ಬಿಂದಿಗೆಯಲ್ಲಿದ್ದರೇ ಚೆಂದ. ಕೊನೆಗೆ ಅಕ್ಕ ನನ್ನ ತಲೆಗೆ ಕಟ್ಟಿದಳು: “ನೀನೂ ಸೇರ್ಕೊಳ್ಳೇ. ಕೂತು ಕೂತು ನಿನ್ ಮಂಡಿ ಹಿಡ್ಕೊಂಡಿದೆ, ನಿಂತು ನಿಂತು ಇವರ ಸೊಂಟ ಹಿಡ್ಕೊಂಡಿದೆ. ಇಬ್ರೂ ಸೇರಿ ನೆನೀರಿ.”

ನೆನೆದೆವು. ನಾನು ಗೋಡೆಯ ಸರಳು ಹಿಡಿದು ಕಾಲು ಬಡಿಯುವುದನ್ನು ಕಲಿತೆ, ಆಮೇಲೆ ಕೈ ಬಿಟ್ಟು ಅಷ್ಟು ದೂರ ತೇಲುವುದನ್ನು ಕಲಿತೆ. ಭಾವ ಮಾತ್ರ ಮೊದಲ ದಿನವೇ ಕೊಳವನ್ನು ತಮ್ಮ ಬಸ್ಸು ಮಾಡಿಕೊಂಡರು. ಮೆಟ್ಟಿಲ ಬಳಿ ಗುಂಪುಗೂಡಿದವರಿಗೆಲ್ಲ, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಖಾಲಿ ಇದೆ!” ಎಂದು ಕೂಗುತ್ತಿದ್ದರು. ಅವರ ಗಂಟಲು ಎಂಥದ್ದೆಂದರೆ, ಅವರು ‘ರೈಟ್’ ಅಂದರೆ ಪಕ್ಕದ ರಸ್ತೆಯ ಬಸ್ಸೂ ಹೊರಡುತ್ತಿತ್ತು ಎಂದು ಅವರ ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರಂತೆ. ಕೊಳಕ್ಕೆ ಬರುವ ಮಕ್ಕಳು ಅವರನ್ನು ‘ರೈಟ್ ತಾತ’ ಎಂದೇ ಕರೆಯುತ್ತಿದ್ದವು.

ನಾನು ಹೇಳಹೊರಟ ಆ ವಾರ ನೀರು ದಿನದಿಂದ ದಿನಕ್ಕೆ ಮಂಕಾಗುತ್ತಾ ಬಂದಿತ್ತು. ಮೊದಲು ತಳದ ಕಪ್ಪು ಗೆರೆಗಳು ಅಲುಗಾಡಿದವು, ಆಮೇಲೆ ಮಸುಕಾದವು, ಆಮೇಲೆ ಮಾಯವಾದವು. ವಾರದ ಕೊನೆಗೆ ನೀರು ತೆಳುವಾದ ಸುಣ್ಣದ ನೀರಿನಂತಿತ್ತು. ಕಣ್ಣು ಉರಿಯುತ್ತಿತ್ತು, ಮೈ ಕೆರೆಯುತ್ತಿತ್ತು. ನಾನು ಕೊಳದ ಮೇಲ್ವಿಚಾರಕರ ಕೋಣೆಗೇ ಹೋಗಿ ಕೇಳಿದೆ.

“ಸಾರ್, ನೀರು ಕಲಕಿದ ಹಾಗಿದೆಯಲ್ಲ?”

“ಮೋಡ, ಮೇಡಂ,” ಎಂದರು.

“ನೀರೊಳಗಾ?”

“ಮೇಲೆ, ಮೇಡಂ, ಆಕಾಶದಲ್ಲಿ. ಮೋಡ ಇದ್ದಾಗ ನೀರು ಹಂಗೇ ಕಾಣುತ್ತೆ. ಬಿಸಿಲು ಬಂದ್ರೆ ತಿಳಿಯಾಗುತ್ತೆ.”

ಹೊರಗೆ ಬಂದಾಗ ಜೀವರಕ್ಷಕ ಮೆಲ್ಲಗೆ ಹೇಳಿದ, “ಸೋಸೋ ಪಂಪು ಕೆಟ್ಟಿದೆ ಅಕ್ಕಾ. ರಿಪೇರಿಗೆ ಬರೆದುಕೊಟ್ಟು ಆಯ್ತು. ಯಾರೂ ಬಂದಿಲ್ಲ.” ಆತ ಮೂವತ್ತರ ಆಸುಪಾಸಿನ, ಮದುವೆಯಾಗಿ ಮಗುವಿರುವ ಗೃಹಸ್ಥ. ಬೋರ್ಡಿನ ಪ್ರಕಾರ ಆತ ಮೂವರು. ನಾನು ಕೊಳಕ್ಕೆ ಸೇರಿದಂದಿನಿಂದ ಉಳಿದಿಬ್ಬರನ್ನು ಕಂಡವರಿಲ್ಲ.

ಭಾನುವಾರ. ಕುಟುಂಬಗಳಿಗೆಂದು ಮೀಸಲಾದ ಬೆಳಗಿನ ಹೊತ್ತು. ಮಕ್ಕಳ ಕಿರುಚಾಟ, ತೇಲುವ ಟ್ಯೂಬುಗಳು, ಸೀಟಿಯ ಸದ್ದು. ಅಕ್ಕ ಮೆಟ್ಟಿಲುಗಳ ಮೇಲಿನ ಬೆಂಚಿನಲ್ಲಿ ಭಾವನ ಟವೆಲ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವರ ಚಪ್ಪಲಿ ಅವಳ ಕಾಲ ಬಳಿ ಇತ್ತು. ಭಾವ ಎಂದಿನಂತೆ ಆಳದ ಕಡೆಗೆ ಗಡಿಯಾಗಿ ಕಟ್ಟಿದ ಹಗ್ಗದ ಪಕ್ಕ, ನೆಲ ಇಳಿಜಾರಾಗುವ ಜಾಗದಲ್ಲಿ, ಎದೆಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ನಾನು ಗೋಡೆ ಹಿಡಿದು ಕಾಲು ಬಡಿಯುತ್ತಿದ್ದೆ.

“ಏನೇ, ನಿಮ್ ಭಾವ ಎಲ್ಲಿ?” ಅಕ್ಕ ಮೇಲಿನಿಂದ ಕೂಗಿದಳು.

“ಟೀ ಕುಡಿಯೋಕೆ ಹೋಗಿರ್ತಾರೆ ಬಿಡಕ್ಕ.” ಹೇಳದೆ ಕೇಳದೆ ಟೀಗೆ ಮಾಯವಾಗುವುದರಲ್ಲಿ ಅವರು ಹೆಸರುವಾಸಿ.

“ಚಪ್ಪಲಿ ಇಲ್ಲೇ ಇದೆಯಲ್ಲೇ! ಬರಿಗಾಲಲ್ಲಿ ರಸ್ತೆ ದಾಟೋ ಮನುಷ್ಯನಾ ಅವರು?”

ಅವಳು ಎದ್ದು ನಿಂತಳು. ಆಮೇಲೆ ಅವಳ ಬಾಯಿಂದ ಬಂದ ಕೂಗಿಗೆ ಮಕ್ಕಳ ಗಲಾಟೆಯೂ ನಿಂತುಹೋಯಿತು.

ಜೀವರಕ್ಷಕ ಎಲ್ಲಿದ್ದ ಎಂದು ತಾವು ಕೇಳಬೇಕು. ತಮ್ಮ ತನಿಖಾ ವರದಿಯೂ ಅದನ್ನೇ ಕೇಳಿದೆ. ಆತ ಟಿಕೆಟ್ ಕಿಟಕಿಯಲ್ಲಿದ್ದ. ಗುಮಾಸ್ತರು ರಜೆಯ ಮೇಲಿದ್ದುದರಿಂದ ಅಲ್ಲಿ ಕೂರಲು ಮೇಲ್ವಿಚಾರಕರೇ ಹೇಳಿದ್ದರು. ಟಿಕೆಟ್ ಕಂತೆಯನ್ನು ಕೈಯಲ್ಲಿ ಹಿಡಿದೇ ಓಡಿಬಂದ. ಎತ್ತರದ ಕುರ್ಚಿ ಹತ್ತಿ, ನೀರನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಮತ್ತೆ ನೋಡಿದ.

“ಅಕ್ಕಾ, ಏನೂ ಕಾಣ್ತಿಲ್ಲ! ನೀರೊಳಗೆ ಏನೂ ಕಾಣ್ತಿಲ್ಲ!”

ಮಾನ್ಯರೇ, ತಮ್ಮ ಕೊಳದ ನೀರಿನ ಬಗ್ಗೆ ಆ ವರ್ಷವಿಡೀ ಗಟ್ಟಿಯಾಗಿ ಕೇಳಿಬಂದ ಏಕೈಕ ಸತ್ಯ ಆ ಮಾತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆತ ಮಾಡಿದ್ದನ್ನೂ ಹೇಳಬೇಕು. “ಎಲ್ಲಾ ಕೈ ಕೈ ಹಿಡ್ಕೊಳ್ಳಿ! ಸಾಲಾಗಿ ನಡೀರಿ! ಕಾಲಲ್ಲಿ ತಡವಿಕೊಂಡು ಬನ್ನಿ!” ಎಂದು ಕೂಗಿ, ತಾನು ಆಳದ ಕಡೆ ಧುಮುಕಿದ. ನಾವು ಗಂಡಸರು, ಹೆಂಗಸರು, ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದವರು, ಕೈಹಿಡಿದು ಸಾಲಾಗಿ ನಡೆದೆವು. ಕಳೆದುಹೋದ ಕಿವಿಯೋಲೆ ಹುಡುಕುವಂತೆ ಕಾಲಿನಿಂದ ನೆಲ ಸವರುತ್ತಾ ಒಬ್ಬ ಮನುಷ್ಯನನ್ನು ಹುಡುಕಿದೆವು. ನೆಲ ಇಳಿಜಾರಾಯಿತು. ನೀರು ನನ್ನ ಕುತ್ತಿಗೆಗೆ ಬಂತು. ನನ್ನ ಎಡಗಾಲಿಗೆ ಮೆತ್ತಗಿನದೇನೋ ತಾಗಿತು. ರಬ್ಬರ್ ಚಾಪೆ ಜಾರಿ ಬಿದ್ದಿರಬೇಕು ಅಂದುಕೊಂಡೆ. ಆ ಚಾಪೆಗೆ ಬೆರಳುಗಳಿದ್ದವು.

ಕುತ್ತಿಗೆ ಮಟ್ಟದ ನೀರು, ಮಾನ್ಯರೇ. ಸಮುದ್ರವಲ್ಲ, ಸುಳಿಯಲ್ಲ, ಪ್ರವಾಹವಲ್ಲ. ಹಗ್ಗದ ಪಕ್ಕದ, ಮನೆಯ ಹಜಾರಕ್ಕಿಂತ ತುಸು ದೊಡ್ಡದಾದ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ಅಷ್ಟೊಂದು ಜನರ ನಡುವೆ, ಆಳೆತ್ತರದ ಮನುಷ್ಯನೊಬ್ಬ ತಲೆಸುತ್ತಿ ಕುಸಿದು ತಳದಲ್ಲಿ ಮಲಗಿದ್ದ. ಭಾವನ ಪಕ್ಕದಲ್ಲೇ ಮಕ್ಕಳು ಚೆಂಡಾಡುತ್ತಿದ್ದವು. ನೀರು ತಿಳಿಯಾಗಿದ್ದರೆ ಯಾವ ಮಗುವಾದರೂ ‘ರೈಟ್ ತಾತ ಕೆಳಗೆ ಬಿದ್ದಿದ್ದಾರೆ’ ಎಂದು ಕೂಗುತ್ತಿತ್ತು.

ದಡಕ್ಕೆಳೆದೆವು. ಜೀವರಕ್ಷಕ ಎದೆ ಒತ್ತತೊಡಗಿದ. “ಆಕ್ಸಿಜನ್ ತನ್ನಿ!” ಎಂದ. ಆಮ್ಲಜನಕದ ಕೋಣೆಗೆ ಬೀಗ. ಬೀಗದ ಕೈ ರಜೆಯ ಮೇಲಿದ್ದ ಗುಮಾಸ್ತರ ಜೇಬಿನಲ್ಲಿ. ವ್ಯಾಯಾಮದ ಕೋಣೆಯಿಂದ ಯಾರೋ ಕಬ್ಬಿಣದ ಡಂಬೆಲ್ ತಂದು ಬೀಗ ಒಡೆದರು. ಒಳಗೆ ಸಿಲಿಂಡರು ಇತ್ತು, ಅದರ ಮುಳ್ಳು ಸೊನ್ನೆಯ ಮೇಲೆ ಆರಾಮಾಗಿ ಮಲಗಿತ್ತು. ಬೋರ್ಡು ಸುಳ್ಳು ಹೇಳಿತೆಂದು ನಾನು ಹೇಳಲಾರೆ. ಸಿಲಿಂಡರು ಸಿದ್ಧವಾಗಿಯೇ ಇತ್ತು, ಖಾಲಿಯಾಗಿ ಸಿದ್ಧವಾಗಿತ್ತು.

ಜೀವರಕ್ಷಕನ ಬೆವರು ಭಾವನ ಎದೆಯ ಮೇಲೆ ಹನಿಯುತ್ತಿತ್ತು. ಅಕ್ಕ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತಾ, “ಏಳ್ರೀ, ಏಳ್ರೀ, ನಿಮ್ ಸ್ಟಾಪ್ ಇದಲ್ಲಾರೀ” ಎಂದು ಒಂದೇ ಸಮನೆ ಹೇಳುತ್ತಿದ್ದಳು. ಆ ಮಾತು ಎಲ್ಲಿಂದ ಬಂತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆಂಬುಲೆನ್ಸ್ ಬರುವ ಮೊದಲು ಭಾವ ಕೆಮ್ಮಿದರು. ಬಾಯಿಂದ ತಮ್ಮ ಇಲಾಖೆಯ ‘ಉತ್ತಮ’ ನೀರು ಹೊರಬಂತು.

ಬದುಕಿದರು. ಆದರೆ ಬದುಕಿದ್ದು ಅಲ್ಲಿಗೇ ಮುಗಿಯಲಿಲ್ಲ. ಶ್ವಾಸಕೋಶದಲ್ಲಿ ಸೋಂಕು ಹಬ್ಬಿ, ಬಾಯಲ್ಲಿ ಕೊಳವೆ ಇಟ್ಟು ಯಂತ್ರದ ಉಸಿರಿನ ಮೇಲಿಟ್ಟರು. ವೈದ್ಯೆ ನಮ್ಮನ್ನು ಕರೆದು ಕೇಳಿದರು, “ಇವರು ಮುಳುಗಿದ್ದು ಕೆರೇಲಾ?”

“ಅಲ್ಲ ಡಾಕ್ಟ್ರೇ, ಈಜುಕೊಳ.”

“ಹಾಗಿದ್ರೆ ಅಲ್ಲಿ ದಿನಾ ನೀರು ಪರೀಕ್ಷೆ ಮಾಡಿದ ರೆಕಾರ್ಡು ಇರುತ್ತೆ. ತಗೊಂಡ್ಬನ್ನಿ. ಕ್ಲೋರಿನ್ ಎಷ್ಟಿತ್ತು, ಎಷ್ಟು ದಿನದಿಂದ ಇರಲಿಲ್ಲ ಅಂತ ಗೊತ್ತಾದ್ರೆ ಯಾವ ಔಷಧಿ ಅಂತ ಬೇಗ ನಿರ್ಧಾರ ಮಾಡಬಹುದು.”

ಆ ಕ್ಷಣದವರೆಗೆ ನನಗೂ ದಾಖಲೆ ಎಂದರೆ ಕಡತ, ಕಡತ ಎಂದರೆ ಧೂಳು. ಆಸ್ಪತ್ರೆಯ ಮೆಟ್ಟಿಲಿಳಿದು ಆಟೋ ಹತ್ತುವಾಗ ಮೊದಲ ಬಾರಿಗೆ ಅರ್ಥವಾಯಿತು. ಒಬ್ಬ ಮನುಷ್ಯ ಬೆಳಿಗ್ಗೆ ಬಂದು, ನೀರಿನ ಮೇಲೆ ಬಾಗಿ, ಒಂದು ಲೋಟ ಎತ್ತಿ, ಪರೀಕ್ಷಿಸಿ, ಕಂಡದ್ದನ್ನು ಬರೆದಿಟ್ಟಿದ್ದರೆ, ಆ ಒಂದು ಸಾಲು ಇವತ್ತು ನನ್ನ ಅಕ್ಕನ ಗಂಡನ ಹಾಸಿಗೆಯ ಪಕ್ಕದಲ್ಲಿ ಔಷಧಿಯಾಗಿ ಕೆಲಸ ಮಾಡುತ್ತಿತ್ತು.

ಮೇಲ್ವಿಚಾರಕರು ಕುರ್ಚಿಯಲ್ಲಿದ್ದರು.

“ದಿನಾ ನೀರು ಪರೀಕ್ಷೆ ಮಾಡಿದ ರೆಕಾರ್ಡು ಬೇಕಿತ್ತು ಸಾರ್. ಆಸ್ಪತ್ರೆಯಲ್ಲಿ ಕೇಳ್ತಿದ್ದಾರೆ.”

“ಬೋರ್ಡಲ್ಲಿ ಇದೆಯಲ್ಲ, ಮೇಡಂ.”

“ಬೋರ್ಡಲ್ಲ ಸಾರ್. ನಿಜವಾದ್ದು.”

“ಅದೇ ನಿಜವಾದ್ದು. ಬೇಕಾದ್ರೆ ಫೋಟೋ ಹೊಡ್ಕೊಂಡು ಹೋಗಿ. ನಮ್ದೇನೂ ಅಭ್ಯಂತರ ಇಲ್ಲ.”

ಅಭ್ಯಂತರ ಇಲ್ಲವಂತೆ! ಎಂಥ ಔದಾರ್ಯ! ನಾನು ಫೋಟೋ ತೆಗೆದೆ. ಬೇರೆ ದಾರಿ ಇರಲಿಲ್ಲ. ವೈದ್ಯೆಗೆ ತೋರಿಸಿದೆ. ಅವರು ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು, ನನ್ನ ಮುಖ ನೋಡಿದರು, ಫೋನನ್ನು ಹಿಂದಿರುಗಿಸಿ ಒಳಗೆ ಹೋದರು. ಆಮೇಲೆ ಒಂದು ಔಷಧಿ ಕೊಟ್ಟು ಕಾದರು, ಒಗ್ಗಲಿಲ್ಲ. ಇನ್ನೊಂದು ಕೊಟ್ಟು ಕಾದರು. ಕಾದಷ್ಟೂ ದಿನ ಅಕ್ಕ ಆಸ್ಪತ್ರೆಯ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. ಮೂರನೆಯದು ಹಿಡಿಯಿತು.

ಭಾವ ಈಗ ಮನೆಯಲ್ಲಿದ್ದಾರೆ. ಮೆಟ್ಟಿಲು ಹತ್ತುವಾಗ ಮಧ್ಯೆ ಕೂರುತ್ತಾರೆ. ಗಂಟಲಲ್ಲಿ ಕೊಳವೆ ಇದ್ದು ಇದ್ದು ದನಿ ಹೋಗಿದೆ; ಮಾತಾಡಿದರೆ ಕಾಗದ ಸರಿದಾಡಿದಂತೆ ಕೇಳಿಸುತ್ತದೆ. ಕೂಗಲಾರದ ಕಂಡಕ್ಟರನ್ನು ಬಸ್ಸಿಗೆ ಹತ್ತಿಸುವುದಿಲ್ಲ. ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದ್ದಾರೆ. ಅಲ್ಲಿ ಕೊಡೆ, ಟಿಫಿನ್ ಡಬ್ಬಿ, ಒಂಟಿ ಶೂಗಳ ಮಧ್ಯೆ ಕೂತು, “ನಾನೂ ಇಲ್ಲಿಗೇ ಸೇರಿದ ಐಟಮ್ಮು” ಎಂದು ಪಿಸುಗುಡುತ್ತಾರೆ. ತಮಾಷೆ ಬಿಟ್ಟಿಲ್ಲ. ಅಕ್ಕ ಮಾತ್ರ ಆ ತಮಾಷೆಗೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಈಗ ತಮ್ಮ ತನಿಖಾ ವರದಿಗೆ ಬರೋಣ. ‘ಲಭ್ಯವಿರುವ ದಾಖಲೆಗಳ ಪ್ರಕಾರ ಘಟನೆಯ ದಿನ ನೀರಿನ ಸ್ಪಷ್ಟತೆ ಉತ್ತಮವಾಗಿದ್ದು, ಸದರಿ ಘಟನೆಯು ಈಜುಗಾರರ ಅಜಾಗರೂಕತೆ ಹಾಗೂ ಕರ್ತವ್ಯದಲ್ಲಿದ್ದ ಜೀವರಕ್ಷಕರ ನಿರ್ಲಕ್ಷ್ಯದಿಂದ ಸಂಭವಿಸಿರುತ್ತದೆ.’ ಈ ವಾಕ್ಯವನ್ನು ವೃತ್ತಿಪರ ದೃಷ್ಟಿಯಿಂದ ಮೆಚ್ಚಿದೆ. ‘ಲಭ್ಯವಿರುವ ದಾಖಲೆ’ ಎಂದರೆ ಆ ಗೋಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ತಾವು ಹುಣ್ಣನ್ನು ಬಿಟ್ಟು, ಎಂದೋ ಬರೆಸಿದ ಕೈಯ ಚಿತ್ರವನ್ನು ಪರೀಕ್ಷಿಸಿ ‘ಹುಣ್ಣಿಲ್ಲ’ ಎಂದು ಷರಾ ಬರೆದಿದ್ದೀರಿ. ಕೈಕೈ ಹಿಡಿದು ಹುಡುಕಿದ ನಮ್ಮಲ್ಲಿ ಒಬ್ಬರನ್ನಾದರೂ ಕರೆದು ಕೇಳಿದಿರಾ? ನನ್ನ ಅಕ್ಕನನ್ನು ಕೇಳಿದಿರಾ? ನೀರು ಉತ್ತಮವಾಗಿದ್ದರೆ ನಾವು ಕಣ್ಣಿದ್ದೂ ಕಾಲಲ್ಲಿ ಹುಡುಕಿದ್ದೇಕೆ?

ಜೀವರಕ್ಷಕನನ್ನು ಅಮಾನತು ಮಾಡಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ಚಿಕಿತ್ಸೆ. ಅದನ್ನು ತಮ್ಮ ಇಲಾಖೆ ಇನ್ನೂ ಕೈಬಿಟ್ಟಿಲ್ಲ. ಆತ ತನ್ನ ಮೇಲ್ಮನವಿ ಬರೆಸಲು ನನ್ನ ಮೆಟ್ಟಿಲ ಕೆಳಗೇ ಬಂದ. ನಾನು ಅಲ್ಲಿ ಕೂರುವವಳೆಂದು ಅವನಿಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿ ಹಿಂತಿರುಗಲು ಹೋದ.

“ಕೂತ್ಕೊಳ್ಳಪ್ಪ,” ಎಂದೆ.

“ನಿಮ್ ಮುಖ ನೋಡೋಕೆ ಆಗ್ತಿಲ್ಲ ಅಕ್ಕಾ.”

“ನಮ್ ಭಾವನ ಎದೆ ಒತ್ತಿದ್ದು ಯಾರು? ಬೋರ್ಡಲ್ಲಿದ್ದ ಆ ಇನ್ನಿಬ್ಬರಾ?”

ಆತ ಕೂತ. “ನಾನು ಟಿಕೆಟ್ ಕೊಡೋಕೆ ಹೋಗಬಾರದಿತ್ತು,” ಎಂದ.

“ಹೋಗಲ್ಲ ಅಂದಿದ್ರೆ?”

“ಕೆಲಸ ಹೋಗ್ತಿತ್ತು.”

“ಹೋಗಿದ್ದಕ್ಕೆ?”

ಆತ ಜೇಬಿನಿಂದ ಅಮಾನತಿನ ಆದೇಶ ತೆಗೆದು ಮುಂದಿಟ್ಟ. ನಾನು ಕಾಗದ ಏರಿಸಿ ಟೈಪ್ ಮಾಡತೊಡಗಿದೆ. ಆ ಮೇಲ್ಮನವಿ ತಮ್ಮ ಮೇಜಿನ ಮೇಲಿದೆ. ಅದರ ಭಾಷೆ ಎಲ್ಲೋ ಕೇಳಿದಂತಿದೆ ಎಂದು ತಮಗೆ ಅನ್ನಿಸಿದ್ದರೆ ಕಾರಣ ಈಗ ತಿಳಿಯಿತಲ್ಲ.

ಅವತ್ತೇ ನಾನು ಸೀಮೆಸುಣ್ಣ ಕೊಂಡೆ. ನೀರು ಪರೀಕ್ಷಿಸುವ ಪಟ್ಟಿಗಳಿಗಾಗಿ ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದೆ. ಪಟ್ಟಿಯನ್ನು ನೀರಿಗದ್ದಿದರೆ ಬಣ್ಣ ಬದಲಾಗುತ್ತದೆ. ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ನೋಡಿದರಾಯಿತು. “ಯಾವ ಮೀನಿಗೆ?” ಎಂದು ಅಂಗಡಿಯವರು ಕೇಳಿದರು.

“ಮನುಷ್ಯರಿಗೆ.”

“ಮನುಷ್ಯರು ಬಿಡಿ, ಹೆಂಗೋ ಬದುಕ್ತಾರೆ,” ಎಂದು ನಗುತ್ತಾ ಕಟ್ಟಿಕೊಟ್ಟರು.

ಮರುದಿನ ಬೆಳಿಗ್ಗೆ ತಮ್ಮ ಬೋರ್ಡಿನ ಕೆಳಗೆ ಬರೆದೆ: ‘ಇಂದು ಕಂಡದ್ದು: ಆಳದ ಕಡೆ ತಳದಲ್ಲಿರುವ ನೀರು ಹೋಗುವ ಜಾಲರಿ ಕಾಣುತ್ತಿಲ್ಲ. ಪಟ್ಟಿಯಲ್ಲಿ ಕ್ಲೋರಿನ್ ಬಣ್ಣ ಬರಲಿಲ್ಲ. ಜೀವರಕ್ಷಕರು ಯಾರೂ ಇಲ್ಲ. ಆಮ್ಲಜನಕದ ಕೋಣೆಗೆ ಹೊಸ ಬೀಗ ಹಾಕಿದೆ.’ ಕೆಳಗೆ ನನ್ನ ಸಹಿ. ಮಕ್ಕಳನ್ನು ಕರೆತಂದಿದ್ದ ಒಬ್ಬ ತಾಯಿ ಅದನ್ನು ಓದಿದಳು, ಮೇಲಿನದನ್ನೂ ಓದಿದಳು, ಹೋಗಿ ನೀರಿಗೆ ಇಣುಕಿದಳು, ಮಕ್ಕಳ ಕೈ ಹಿಡಿದು ಹೊರಟಳು. ಇದನ್ನೇ ತಾವು ಅನಗತ್ಯ ಭೀತಿ ಎಂದಿರುವುದು. ಆ ತಾಯಿ ನನ್ನ ಮಾತನ್ನು ನಂಬಲಿಲ್ಲ, ತಮ್ಮ ಮಾತನ್ನೂ ನಂಬಲಿಲ್ಲ. ಹೋಗಿ ನೀರು ನೋಡಿದಳು. ತಮ್ಮ ಇಡೀ ಇಲಾಖೆ ಮಾಡಬೇಕಿದ್ದ ಕೆಲಸವನ್ನು ಅವಳು ಚೀಲ ಹೆಗಲಿಗೇರಿಸಿಕೊಂಡೇ ಮಾಡಿ ಮುಗಿಸಿದಳು.

ಮರುದಿನ ಹೋದಾಗ ಗೋಡೆಯನ್ನು ಒರೆಸಿದ್ದರು. ಮತ್ತೆ ಬರೆದೆ. ಮತ್ತೆ ಒರೆಸಿದರು. ನಾನು ಟೈಪಿಗೆ ಕೂರುವ ಮುಂಚೆ ಹೋಗಿ ಬರೆಯುತ್ತಿದ್ದೆ. ಕೊಳದ ಕೆಲಸದಾಳು ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲೇ ಕಾದಿರುತ್ತಿದ್ದ. “ಆಯ್ತಾ ಮೇಡಂ? ಒರೆಸಲಾ?” ಎಂದು ಪಾಪ ಕೇಳಿಯೇ ಒರೆಸುತ್ತಿದ್ದ. “ಎಲ್ಲರೂ ಒಂದ್ಸಲ ಓದ್ಲಿ, ತಾಳಪ್ಪ” ಎಂದರೆ ತಾಳುತ್ತಿದ್ದ ಕೂಡ. ಒಂದಂತೂ ಒಪ್ಪಬೇಕು, ಮಾನ್ಯರೇ. ಆ ಕೊಳದಲ್ಲಿ ತಮ್ಮ ಇಲಾಖೆ ದಿನ ತಪ್ಪದೆ, ಶಿಸ್ತಿನಿಂದ, ಹೊಣೆಗಾರಿಕೆಯಿಂದ ಮಾಡಿದ ಒಂದೇ ಒಂದು ನಿರ್ವಹಣೆ ಎಂದರೆ ನನ್ನ ಅಕ್ಷರ ಒರೆಸಿದ್ದು.

ಆಮೇಲೆ ನಾನೊಬ್ಬಳೇ ಉಳಿಯಲಿಲ್ಲ. ಅಂದು ಕೈಹಿಡಿದು ಸಾಲಾಗಿ ನಡೆದಿದ್ದವರು ಒಬ್ಬೊಬ್ಬರಾಗಿ ಬಂದರು. ನಾನು ಬರಲಾಗದ ದಿನ ಇನ್ನಾರೋ ಬರೆದರು. ಒಬ್ಬರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಆದರೆ ಬರೆದದ್ದು ಕಂಡದ್ದು. ಟಿಕೆಟ್ ಕಿಟಕಿಯ ಮುಂದೆ ಸಾಲು ಚಿಕ್ಕದಾಗುತ್ತಾ ಹೋಯಿತು. ಕೊನೆಗೊಂದು ದಿನ ‘ವಿಶೇಷ ನಿರ್ವಹಣೆ’ ಎಂದು ಗೇಟು ಮುಚ್ಚಿ, ನೀರು ಖಾಲಿ ಮಾಡಿ, ಪಂಪು ರಿಪೇರಿ ಮಾಡಿಸಿ, ಹೊಸ ನೀರು ತುಂಬಿಸಿದಿರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದೇ ಆದರೂ ಹಾಕಿದಿರಿ, ಸಂತೋಷ. ನಾನೂ ನೋಡಲು ಬಂದೆ. ನೀರು ಕನ್ನಡಿಯಂತಿತ್ತು, ತಳದ ಒಂದೊಂದು ಟೈಲನ್ನೂ ಎಣಿಸಬಹುದಿತ್ತು. ಕಣ್ಣು ತುಂಬಿ ಬಂತು. ಆಮೇಲೆ ಗೋಡೆಯತ್ತ ತಿರುಗಿದೆ. ತಾವು ಬೋರ್ಡನ್ನೂ ನವೀಕರಿಸಿದ್ದಿರಿ. ಹಳೆಯ ಅಕ್ಷರಗಳ ಮೇಲೆಯೇ, ಇನ್ನೂ ದಪ್ಪಗೆ, ಇನ್ನೂ ಹೊಳೆಯುವ ಎಣ್ಣೆಬಣ್ಣದಲ್ಲಿ ‘ಉತ್ತಮ’. ಜೀವರಕ್ಷಕರು ಮೂವರು. ಸಿಲಿಂಡರು ಸಿದ್ಧ. ಅದರ ಕೆಳಗೆ ನಾನು ಅಂದು ಬರೆದ ಸಾಲಿನ ಬೆನ್ನಿಗೇ ತಮ್ಮ ನೋಟಿಸು ಬಂದದ್ದು: ‘ಇಂದು ನೀರು ನಿಜವಾಗಿ ಉತ್ತಮವಾಗಿದೆ. ನಾಳೆ ಯಾರು ನೋಡುತ್ತಾರೆ?’

ಈ ಪ್ರಶ್ನೆಯಲ್ಲಿ ವಿರೂಪ ಎಲ್ಲಿದೆ, ಹೇಳಿ. ನೀರು ಒಂದೇ ಕಡೆ ನಿಂತಿರುವಂತೆ ಕಂಡರೂ ಬೆಳಗಿನ ನೀರು ಸಂಜೆಗೆ ಇರುವುದಿಲ್ಲ. ಬಿಸಿಲು ಅದರ ಕ್ಲೋರಿನ್ ತಿನ್ನುತ್ತದೆ. ನಮ್ಮ ಬೆವರು, ಎಣ್ಣೆ, ಮಕ್ಕಳ ಅವಸರದ ಜಲಬಾಧೆ ಎಲ್ಲ ಅದಕ್ಕೆ ಸೇರುತ್ತವೆ. ಅದಕ್ಕೇ ದಿನವೂ ನೋಡಬೇಕು, ದಿನವೂ ಬರೆಯಬೇಕು. ತಮ್ಮ ಇಲಾಖೆಯ ಸುತ್ತೋಲೆಯೂ ಹಾಗೇ ಹೇಳುತ್ತದಂತೆ, ಮೇಲ್ವಿಚಾರಕರೇ ಹೇಳಿದರು. “ರೂಲ್ ಇದೆ ಮೇಡಂ, ಯಾರು ಇಲ್ಲ ಅಂದ್ರು? ಬರೀಬೇಕು ಅಂತಾನೂ ಇದೆ. ಅದಕ್ಕೇ ಬರೆಸಿದ್ದೀವಿ.”

ಮೊನ್ನೆ ತಮ್ಮ ನೋಟಿಸನ್ನು ಮನೆಯಲ್ಲಿ ಓದಿದೆ. ಅಕ್ಕ ಹೆದರಿದಳು. “ಒಂದು ಕ್ಷಮಾಪಣೆ ತಾನೇ, ಬರೆದು ಬಿಸಾಕೇ. ಊರವರಿಗೆಲ್ಲ ಬರೆದುಕೊಡ್ತೀಯ.” ಭಾವ ಕೈಸನ್ನೆ ಮಾಡಿ ಹತ್ತಿರ ಕರೆದರು. ಅವರ ಮಾತು ಕೇಳಲು ಈಗ ಬಾಯ ಬಳಿ ಕಿವಿ ಇಡಬೇಕು.

“ಬರೀಬೇಡ,” ಎಂದರು. ಉಸಿರು ತೆಗೆದುಕೊಂಡು, “ನಾನು ಮತ್ತೆ ಇಳೀಬೇಕು ಅಂತಿದ್ದೀನಿ.”

“ಅಯ್ಯೋ, ಮತ್ತೆ ಆ ನೀರಿಗಾ?” ಅಕ್ಕ ಹೌಹಾರಿದಳು.

“ಡಾಕ್ಟ್ರೇ ಹೇಳಿದ್ದಾರೆ. ಉಸಿರಿಗೆ ಒಳ್ಳೇದಂತೆ. ಇವಳು ಕ್ಷಮೆ ಕೇಳಿಬಿಟ್ರೆ ನಾನು ಯಾರನ್ನ ನಂಬ್ಕೊಂಡು ಇಳೀಲಿ?”

ಅಕ್ಕ ನನ್ನ ಕೈಯಿಂದ ನೋಟಿಸು ಕಿತ್ತುಕೊಂಡು ಮಡಿಸಿ, ಕುಂಟುತ್ತಿದ್ದ ಮೇಜಿನ ಕಾಲಡಿಗೆ ಇಟ್ಟಳು. ಮೇಜು ಈಗ ಕುಂಟುತ್ತಿಲ್ಲ. ತಮ್ಮ ಕಚೇರಿಯ ಕಾಗದದಿಂದ ನಮ್ಮ ಮನೆಗಾದ ಮೊದಲ ಉಪಕಾರವಿದು, ಅದಕ್ಕೆ ಕೃತಜ್ಞತೆಗಳು.

ಇನ್ನು ನನ್ನ ಬೇಡಿಕೆ. ಬೇಡಿಕೆ ಎಂದೇ ಬರೆಯುತ್ತಿದ್ದೇನೆ. ವಿನಂತಿ, ಕೋರಿಕೆ, ಪ್ರಾರ್ಥನೆಗಳನ್ನು ಬೇರೆಯವರ ಅರ್ಜಿಗಳಿಗಾಗಿ ಉಳಿಸಿಕೊಂಡಿದ್ದೇನೆ. ಆ ಎಣ್ಣೆಬಣ್ಣವನ್ನು ಕೆರೆಸಿ. ಗೇಟು ತೆರೆಯುವ ಮೊದಲು ಮತ್ತು ಹಗಲಿನಲ್ಲಿ ಮತ್ತೆ ಮತ್ತೆ, ಹೊಣೆ ಹೊತ್ತ ಒಬ್ಬರು ನೀರು ನೋಡಿ, ಪರೀಕ್ಷಿಸಿ, ಕಂಡದ್ದನ್ನು ತಮ್ಮ ಹೆಸರು ಹಾಕಿ ಬರೆಯಲಿ. ಜೀವರಕ್ಷಕರು ಎಷ್ಟು ಮಂದಿ ನಿಂತಿದ್ದಾರೋ ಅಷ್ಟೇ ಬರೆಯಲಿ. ಅವರ ಕೈಗೆ ಟಿಕೆಟ್ ಕಂತೆ ಕೊಡಬೇಡಿ. ಸಿಲಿಂಡರಿನ ಮುಳ್ಳು ನೋಡಲಿ, ಕೋಣೆಯ ಬೀಗ ತೆಗೆದಿರಲಿ. ಆ ದಾಖಲೆಯನ್ನು ಯಾವ ಈಜುಗಾರ ಕೇಳಿದರೂ, ಯಾವ ವೈದ್ಯರು ಕೇಳಿದರೂ ಆ ಕ್ಷಣವೇ ಕೊಡಬೇಕು. ಅಮಾನತಾದ ಜೀವರಕ್ಷಕನನ್ನು ಗೌರವದಿಂದ ಕುರ್ಚಿಗೆ ಮರಳಿ ಕರೆಯಿರಿ. ಆತನ ಜೊತೆಗೆ ಆ ಇನ್ನಿಬ್ಬರು ರಕ್ತಮಾಂಸದವರಾಗಿ ಬರಲಿ. ಮತ್ತು ನೋಡದ ದಿನ ‘ಇಂದು ನೋಡಿಲ್ಲ’ ಎಂದು ಬರೆಯುವ ಧೈರ್ಯ ಮಾಡಿ, ಆ ದಿನ ಗೇಟು ಮುಚ್ಚಿ. ಖಾಲಿ ಬಿಟ್ಟ ಜಾಗವನ್ನು ಕಂಡರೆ ಜನ ಹುಷಾರಾಗುತ್ತಾರೆ. ‘ಉತ್ತಮ’ ಎಂದಿದ್ದಕ್ಕೇ ನಾವು ಇಳಿದದ್ದು.

ಇಷ್ಟು ಆಗುವವರೆಗೆ ನಾನು ಬರೆಯುತ್ತಿರುತ್ತೇನೆ. ಸದಸ್ಯತ್ವ ಹೋದರೆ ಗೇಟಿನ ಹೊರಗಿನ ಗೋಡೆ ಇದೆ. ಆ ಗೋಡೆಗೂ ನೋಟಿಸು ಬಂದರೆ ಮುಂದಿನ ಕಾಲುದಾರಿ ಇದೆ.

ಕೊನೆಯದಾಗಿ ಒಂದು ಆಹ್ವಾನ. ಈ ಪತ್ರಕ್ಕೆ ಉತ್ತರ ಬರೆಯುವ ಮೊದಲು ತಾವು ಒಂದು ಬೆಳಿಗ್ಗೆ ಖುದ್ದಾಗಿ ಬನ್ನಿ. ಕಡತ, ಸಹಾಯಕರು, ಛಾಯಾಗ್ರಾಹಕರು ಬೇಡ. ಚಪ್ಪಲಿ ಬಿಟ್ಟು, ಮೆಟ್ಟಿಲಿಳಿದು, ಕುತ್ತಿಗೆ ಮಟ್ಟದ ನೀರಿಗೆ ಬಂದು ನಿಲ್ಲಿ. ತಲೆ ಬಗ್ಗಿಸಿ ಕೆಳಗೆ ನೋಡಿ. ತಮ್ಮ ಪಾದ ತಮಗೆ ಕಂಡರೆ ಮೇಲೆ ಬಂದು ಸಹಿ ಹಾಕಿ. ಕಾಣದಿದ್ದರೆ ಹಾಗೇ ಒದ್ದೆ ಮೈಯಲ್ಲೇ ಹೋಗಿ ಗೇಟು ಮುಚ್ಚಿಸಿ. ಅದಕ್ಕೆ ಯಾವ ಸುತ್ತೋಲೆಯ ಅಗತ್ಯವೂ ಇಲ್ಲ.

ಇಂತಿ,

ಕ್ಷಮಾಪಣೆಯ ಒಕ್ಕಣೆ ಬಾಯಿಪಾಠವಿದ್ದೂ ಬರೆಯಲೊಲ್ಲದ,
ಈಜು ಇನ್ನೂ ಅರ್ಧಂಬರ್ಧ ಬರುವ,
ತಮ್ಮ ಕೊಳದ ಸದ್ಯದ ಸದಸ್ಯೆ, ಬಹುಶಃ ನಾಳೆಯ ಮಾಜಿ